ಕಿತ್ತಳೆಯ ಮೇಲೊಂದು ನೂಲು

ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲಿನ ಮಧ್ಯೆ ಬಿಡುವು ಮಾಡಿಕೊಂಡು ಬಂದಿದ್ದೀರಿ, ಜಾಸ್ತಿ ಹೊತ್ತು ಕೂರಿಸುವುದಿಲ್ಲ.

ನಮ್ಮ ಕೊಡಗಿನಲ್ಲಿ 'ಎಷ್ಟು ಕಿಲೋಮೀಟರ್' ಅಂತ ಯಾರೂ ಕೇಳುವುದಿಲ್ಲ, 'ಎಷ್ಟು ಹೊತ್ತಿನ ದಾರಿ' ಅಂತಲೇ ಕೇಳುವುದು. ಅಲ್ವಾ? ಮಡಿಕೇರಿಯಿಂದ ಕಣ್ಣೂರು ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 60 ಕಿಲೋಮೀಟರ್. ಆದರೆ ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ಅಂತ ಸುತ್ತಿಕೊಂಡು ಹೋಗುವಾಗ ಅದು 90ರ ಹತ್ತಿರ ಬರುತ್ತದೆ. ಮಳೆಗಾಲದಲ್ಲಿ ಮಾಕುಟ್ಟದಲ್ಲಿ ಬರೆ ಕುಸಿದರಂತೂ ಲೆಕ್ಕವೇ ಬೇಡ.

ಆಕಾಶದಲ್ಲಿ ತಿರುವಿಲ್ಲ, ಗುಂಡಿಯಿಲ್ಲ, ಅಲ್ಲಿ ಲೆಕ್ಕ ಸುಲಭ ಎಂದು ನಾನೂ ಅಂದುಕೊಂಡಿದ್ದೆ. ಹಾಗಿಲ್ಲ.

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ತೆಗೆದುಕೊಳ್ಳಿ. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟರೆ ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಗೆರೆ ಹೋಗುತ್ತದೆ. ಈಗ ಈ ಕಿತ್ತಳೆ ನೋಡಿ. ತೊಟ್ಟು ಉತ್ತರ ಧ್ರುವ. ಬೆಂಗಳೂರಿಗೆ ಇಲ್ಲೊಂದು ಗುಂಡುಸೂಜಿ. ಸ್ಯಾನ್ ಫ್ರಾನ್ಸಿಸ್ಕೋಗೆ ಆ ಬದಿಯಲ್ಲಿ ಇನ್ನೊಂದು, ಸ್ವಲ್ಪ ಮೇಲೆ. ನಡುವೆ ನೂಲು ಬಿಗಿಯಾಗಿ ಎಳೆದೆ. ನೋಡಿ, ತಾನಾಗಿಯೇ ಜಾರಿ ತೊಟ್ಟಿನ ಪಕ್ಕಕ್ಕೆ ಬಂತು! ಅದೇ ಅತಿ ಹತ್ತಿರದ ದಾರಿ, ಸುಮಾರು 14,000 ಕಿಲೋಮೀಟರ್. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ತಂದದ್ದು ಈ ಧ್ರುವದ ದಾರಿಯಲ್ಲೇ.

ಇನ್ನು ಸಮಯ. ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿಲೋಮೀಟರ್. ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ಗಾಳಿಯನ್ನು ಮರೆಯುವ ಹಾಗಿಲ್ಲ. ಅಷ್ಟು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೇ ಹರಿಯುತ್ತದೆ, ಜೆಟ್ ಸ್ಟ್ರೀಮ್ ಅಂತ. ದಾರಿಯುದ್ದಕ್ಕೂ 100 ಕಿಲೋಮೀಟರ್ ವೇಗದಲ್ಲಿ ಎದುರಾದರೆ ಹದಿನೇಳೂವರೆ ಗಂಟೆ, ಬೆನ್ನಿಗೆ ಬಂದರೆ ಹದಿನಾಲ್ಕೇ. ಹಾಗಾಗಿ ಅಮೆರಿಕಕ್ಕೆ ಹೋಗುವಾಗ ಧ್ರುವ ಬಿಟ್ಟು, ಸುತ್ತಾದರೂ ಗಾಳಿ ಬೆನ್ನಿಗೆ ಬರಲೆಂದು ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹೋಗುವುದೂ ಉಂಟು. ನಾವು ಹಾಳಾದ ಒಳದಾರಿ ಬಿಟ್ಟು ದೊಡ್ಡ ರಸ್ತೆ ಹಿಡಿಯುವುದಿಲ್ಲವೇ, ಹಾಗೆ.

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುವ ಟಿಕೆಟ್ ನೋಡಿ ನಾನೊಮ್ಮೆ ಮೋಸ ಹೋಗಿದ್ದೆ. ಮಧ್ಯಾಹ್ನ 2ಕ್ಕೆ ಹೊರಡುತ್ತದೆ, ಅದೇ ದಿನ ಸಂಜೆ 5:30ಕ್ಕೆ ತಲುಪುತ್ತದೆ ಅಂತಿತ್ತು. 'ಮೂರೂವರೆ ಗಂಟೆ ಅಷ್ಟೇ ಕಣೇ, ಕುಶಾಲನಗರಕ್ಕೆ ಹೋಗಿ ಬಂದ ಹಾಗೆ' ಎಂದು ಹೆಂಡತಿಗೆ ಹೇಳಿದೆ. ಅವಳು ನಕ್ಕಿದ್ದೇ ನಕ್ಕಿದ್ದು. ಹೊರಡುವ ಸಮಯ ನಮ್ಮ ಗಡಿಯಾರದ್ದು, ತಲುಪುವುದು ಅಲ್ಲಿಯದು. ಚಳಿಗಾಲದಲ್ಲಿ ಅವರು ನಮಗಿಂತ 13 ಗಂಟೆ 30 ನಿಮಿಷ ಹಿಂದೆ. ಅದನ್ನು ಕೂಡಿಸಿದರೆ ಪ್ರಯಾಣ ಪೂರ್ತಿ ಹದಿನೇಳು ಗಂಟೆ.

ಅದಕ್ಕೆ ಮಡಿಕೇರಿಯಿಂದ ದೇವನಹಳ್ಳಿಯವರೆಗಿನ ಏಳು ಗಂಟೆ ಸೇರಿಸಿ. ಮೂರು ಗಂಟೆ ಮುಂಚೆ ಅಲ್ಲಿರಬೇಕು. ದಾರಿಯಲ್ಲಿ ಕಾಫಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ, ಮೈಸೂರು ದಾಟಿದ ಮೇಲೆ ಟ್ರಾಫಿಕ್ ನಿಮ್ಮ ಅದೃಷ್ಟ.