ವಾಷಿಂಗ್ ಮಷೀನಿನ ಸದ್ದು ಮೋಟಾರಿನದ್ದೇ?

ಕೇಳುಗರೆಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಬಹಳ ವರ್ಷಗಳಿಂದ ಮೋಟಾರು ವೈಂಡಿಂಗ್ ಮಾಡಿಕೊಂಡು ಬಂದಿರುವ ನನಗೆ, ಮಳೆ ಹಿಡಿದ ಒಂದೆರಡು ವಾರಗಳಲ್ಲೇ ಒಂದೇ ಬಗೆಯ ಫೋನುಗಳು ಬರತೊಡಗುತ್ತವೆ: "ಅಣ್ಣಾ, ವಾಷಿಂಗ್ ಮಷೀನು ಗರಗರ ಅಂತಿದೆ. ಮೋಟ್ರು ಹೋಗಿದೆ ಅನ್ಸುತ್ತೆ. ಹೊಸದಕ್ಕೆ ಎಷ್ಟಾಗುತ್ತೆ?" ಸಕಲೇಶಪುರ, ಮೂಡಿಗೆರೆಯ ಕಡೆ ಆಷಾಢದಲ್ಲಿ ತಂತಿಯ ಮೇಲೆ ಹಾಕಿದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಮಷೀನಿನಲ್ಲಿ ನೀರು ಹಿಂಡಿ, ಒಲೆಯ ಮೇಲಿನ ಬಿಸಿಯಲ್ಲಿ ಹರವಿದರೆ ಮಾತ್ರ ಮಕ್ಕಳಿಗೆ ಶಾಲೆಯ ಸಮವಸ್ತ್ರ ಸಿಗುತ್ತದೆ. ಅಂಥ ಹೊತ್ತಿನಲ್ಲಿ ಮಷೀನು ಕೂಗಿದರೆ ಮನೆಯವರಿಗೆ ಗಾಬರಿಯಾಗುವುದು ಸಹಜ. ಆದರೆ ಹೀಗೆ ನನ್ನ ಅಂಗಡಿಗೆ ಬಿಚ್ಚಿ ತಂದ ಮೋಟಾರುಗಳಲ್ಲಿ ಎಷ್ಟೋ ಮೋಟಾರುಗಳಿಗೆ ಯಾವ ದೋಷವೂ ಇರುವುದಿಲ್ಲ. ಸದ್ದು ಬೇರೆಲ್ಲಿಂದಲೋ ಬಂದಿರುತ್ತದೆ, ಅಪವಾದ ಮಾತ್ರ ಮೋಟಾರಿನ ಮೇಲೆ ಬಿದ್ದಿರುತ್ತದೆ.

ಪರೀಕ್ಷೆಗೆ ಕೈಹಾಕುವ ಮೊದಲು ಪ್ಲಗ್ಗನ್ನು ಸಾಕೆಟ್ಟಿನಿಂದ ಕಿತ್ತು, ಅದರ ತುದಿ ಕಣ್ಣಿಗೆ ಕಾಣುವಂತೆ ಮಷೀನಿನ ಮೇಲೆಯೇ ಇಟ್ಟುಕೊಳ್ಳಿ. ಗೋಡೆಯ ಸ್ವಿಚ್ಚು ಆರಿಸಿದರೆ ಸಾಲದು, ಏಕೆಂದರೆ ನಮ್ಮ ಹಳೆಯ ಮನೆಗಳ ವೈರಿಂಗಿನಲ್ಲಿ ಸ್ವಿಚ್ಚು ವಿದ್ಯುತ್ ಬರುವ ತಂತಿಯ ಬದಲು ಅದು ಹಿಂದಿರುಗುವ ನ್ಯೂಟ್ರಲ್ ತಂತಿಯ ಮೇಲೆ ಕುಳಿತಿರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆಗ ಸ್ವಿಚ್ಚು ಆರಿದ್ದರೂ ಮಷೀನಿನೊಳಗೆ ವಿದ್ಯುತ್ ಜೀವಂತವಾಗಿಯೇ ಇರುತ್ತದೆ. ಕೆಪಾಸಿಟರ್, ಅಂದರೆ ಮೋಟಾರು ಹೊರಡಲು ನೆರವಾಗುವ, ವಿದ್ಯುತ್ ಕೂಡಿಟ್ಟುಕೊಳ್ಳುವ ಪುಟ್ಟ ಡಬ್ಬಿ ಇರುವ ಮಷೀನಾದರೆ ಪ್ಲಗ್ ಕಿತ್ತ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು. ಹೋಲ್ಡರಿಗೆ ಹಾಕಿದ ಹಳೆಯ ತಂತಿಬಲ್ಬೊಂದರ ಎರಡು ವೈರುಗಳನ್ನು, ತೊಗಲು ಸುಲಿದ ತುದಿಗೆ ಬೆರಳು ತಾಗದಂತೆ ಹಿಡಿದು, ಕೆಪಾಸಿಟರಿನ ಎರಡು ತುದಿಗಳಿಗೆ ಮುಟ್ಟಿಸಿದರೆ ಅದು ಖಾಲಿಯಾಗುತ್ತದೆ. ಬಾಗಿಲು ಮುಂದಿರುವ ಮಷೀನುಗಳ ಒಳಗೆ ಭಾರದ ಕಾಂಕ್ರೀಟು ತುಂಡುಗಳಿರುತ್ತವೆ, ಆದ್ದರಿಂದ ಒಬ್ಬರೇ ಅದನ್ನು ವಾಲಿಸಲು ಹೋಗಬೇಡಿ.

ಸದ್ದು ಹೇಗಿದೆ ಎಂಬುದಕ್ಕಿಂತ ಯಾವಾಗ ಬರುತ್ತದೆ ಎಂಬುದು ಹೆಚ್ಚಿನದನ್ನು ಹೇಳುತ್ತದೆ. ಮೂಡಿಗೆರೆ ಕಡೆಯ ತೋಟದ ಮನೆಯಲ್ಲಿರುವ ನನ್ನ ಅಕ್ಕ ಒಂದು ಜನವರಿಯಲ್ಲಿ, ಕಾಫಿ ಕೊಯ್ಲಿನ ನಡುವೆ, ಮೋಟಾರು ಸುಟ್ಟೇಹೋಯಿತೆಂದು ಫೋನು ಮಾಡಿದಳು. ನಾನು ಹೋಗಿ ಮಷೀನಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಒಂದು ಸುತ್ತು ಪೂರ್ತಿ ಕೇಳಿದೆ. ಒಗೆಯುವಾಗ ಸದ್ದಿಲ್ಲ. ನೀರು ಹೊರಹಾಕುವಾಗ ಮಾತ್ರ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂತೆ ಕಟಕಟ. ಆ ಹೊತ್ತಿಗೆ ಓಡುವುದು ನೀರು ತಳ್ಳುವ ಪಂಪು, ಅದಕ್ಕೆ ಅದರದ್ದೇ ಪುಟ್ಟ ಮೋಟಾರು. ಮುಂಭಾಗದ ಕೆಳಮೂಲೆಯ ಸಣ್ಣ ಮುಚ್ಚಳ ತೆಗೆದು, ಅಡಿಗೆ ಅಗಲವಾದ ತಟ್ಟೆಯಿಟ್ಟು, ಫಿಲ್ಟರನ್ನು ನಿಧಾನವಾಗಿ ತಿರುಗಿಸಿದಾಗ ಕಪ್ಪುನೀರಿನೊಂದಿಗೆ ಏಳೆಂಟು ಕಾಫಿ ಬೀಜಗಳೂ ಒಂದು ಹೇರ್‌ಪಿನ್ನೂ ಬಂದವು. ಕೆಲಸದ ಅಂಗಿಯ ಜೇಬಿನಲ್ಲಿ ಉಳಿದ ಬೀಜ ನೀರಿನಲ್ಲಿ ನೆನೆದು ಊದಿ, ಪಂಪಿನ ರೆಕ್ಕೆಗೆ ಬಡಿಯುತ್ತಿತ್ತು. ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿ ಫಿಲ್ಟರು ಹಾಕಿದೆ, ಅಷ್ಟಕ್ಕೇ ಮಷೀನು ಮೌನವಾಯಿತು.

ನೀರು ಹಿಂಡುವಾಗ ಮಾತ್ರ ಮಷೀನು ಧಡಧಡ ಕುಣಿದರೆ ಮೊದಲು ನೆಲವನ್ನು ನೋಡಿ. ನಮ್ಮ ಬಚ್ಚಲಿನ ನೆಲ ನೀರು ಹರಿಯಲೆಂದೇ ಇಳಿಜಾರಾಗಿರುತ್ತದೆ. ನಾಲ್ಕು ಕಾಲುಗಳಲ್ಲಿ ಒಂದು ಗಾಳಿಯಲ್ಲಿದ್ದರೂ ಸಾಕು. ಹೊಸ ಮಷೀನಾದರೆ, ಸಾಗಾಣಿಕೆಗೆಂದು ಹಿಂದೆ ಬಿಗಿದ ಬೋಲ್ಟುಗಳನ್ನು ತೆಗೆದಿದ್ದಾರೆಯೇ ಎಂದು ಪರೀಕ್ಷಿಸಿ.

ಇನ್ನು ಒಗೆಯುವಾಗಲೂ ಹಿಂಡುವಾಗಲೂ ಸದ್ದು ಇದ್ದು, ವೇಗದೊಂದಿಗೆ ಅದೂ ಏರುತ್ತಿದ್ದರೆ, ಆಗ ಬೆಲ್ಟು ಕಳಚಬೇಕು. ನಾನು ಇವತ್ತು ಮುಖ್ಯವಾಗಿ ಹೇಳಬೇಕೆಂದು ಬಂದಿರುವುದು ಈ ಪರೀಕ್ಷೆಯನ್ನೇ. ಹಿಂದಿನ ತಗಡನ್ನು ಬಿಚ್ಚಿದರೆ ಡ್ರಮ್ಮಿನ ದೊಡ್ಡ ಗಾಲಿಯೂ ಮೋಟಾರಿನ ಚಿಕ್ಕ ಗಾಲಿಯೂ ಅವೆರಡನ್ನು ಬಿಗಿದ ರಬ್ಬರು ಬೆಲ್ಟೂ ಕಾಣುತ್ತವೆ. ದೊಡ್ಡ ಗಾಲಿಯನ್ನು ಕೈಯಿಂದ ತಿರುಗಿಸುತ್ತಾ ಬೆಲ್ಟನ್ನು ಅಂಚಿಗೆ ಎಳೆದರೆ ಅದು ಜಾರಿಬರುತ್ತದೆ. ಈಗ ಡ್ರಮ್ಮನ್ನಷ್ಟೇ ಕೈಯಿಂದ ತಿರುಗಿಸಿ. ರಾಗಿ ಬೀಸುವ ಕಲ್ಲಿನಂತೆ ಗರಗರ ಎಂದರೆ, ಅಥವಾ ಬಾಗಿಲಿನ ಕಡೆ ಡ್ರಮ್ಮಿನ ಅಂಚನ್ನು ಮೇಲೆತ್ತಿದಾಗ ಅದೊಂದೇ ಸಡಿಲವಾಗಿ ಅಲ್ಲಾಡಿದರೆ, ಸವೆದಿರುವುದು ಡ್ರಮ್ಮಿನ ಬೇರಿಂಗು, ಅಂದರೆ ಅದು ಸರಾಗವಾಗಿ ತಿರುಗಲೆಂದು ಇರುವ ಗುಂಡುಗಳ ಬಳೆ. ಗಾಲಿಯ ನಡುವಿನಿಂದ ಕೆಳಕ್ಕೆ ತುಕ್ಕಿನ ಕಂದುಗೆರೆ ಇಳಿದಿದ್ದರೆ ಅನುಮಾನವೇ ಬೇಡ: ನೀರು ತಡೆಯುವ ರಬ್ಬರು ಸೀಲು ಸೋರಿ, ಸೋಪಿನ ನೀರು ಬೇರಿಂಗಿನ ಗ್ರೀಸನ್ನು ತೊಳೆದುಹಾಕಿದೆ. ಬೇರಿಂಗಿನ ಜೊತೆಗೆ ಸೀಲನ್ನೂ ಬದಲಿಸದಿದ್ದರೆ ಮತ್ತೆ ಅದೇ ಕಥೆ. ಡ್ರಮ್ಮು ಸದ್ದಿಲ್ಲದೆ ಜಾರಿದರೆ, ಮೋಟಾರಿನ ಶಾಫ್ಟನ್ನು ತಿರುಗಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಬೇರಿಂಗ್ ಗೂಡಿನ ಮೇಲಿಟ್ಟು ಹಿಡಿಯನ್ನು ಕಿವಿಯ ಬಳಿಗೆ ಒತ್ತಿಕೊಳ್ಳಿ. ಒಳಗೆ ಮರಳಿನ ಕಣ ಸಿಕ್ಕಿಕೊಂಡಂತೆ ಕೇಳಿಸಿದರೆ ಮಾತ್ರ ದೋಷ ಮೋಟಾರಿನದ್ದು. ಆಗಲೂ ಅನೇಕ ಮೋಟಾರುಗಳಲ್ಲಿ ಎರಡು ಬೇರಿಂಗು ಬದಲಿಸಿದರೆ ಸಾಕು, ಒಳಗಿನ ತಂತಿಯ ಸುರುಳಿ ಮುಟ್ಟಬೇಕಾಗಿಯೇ ಇಲ್ಲ. ಬೆಲ್ಟು ಕೈಯಲ್ಲಿರುವಾಗಲೇ ಅದನ್ನೂ ತಿರುವಿ ನೋಡಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಒಳಸೇರುವ ಇಲಿಗಳು ಬೆಲ್ಟಿನ ಅಂಚನ್ನೂ ವೈರನ್ನೂ ಕಡಿದಿರುತ್ತವೆ.

ಹಳೆಯ ಬಗೆಯ, ಬಾಗಿಲು ಮುಂದಿರುವ ಮಷೀನಿನ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ ಒತ್ತಿಕೊಂಡು ವಿದ್ಯುತ್ ಮುಟ್ಟಿಸುವ ಎರಡು ಕಾರ್ಬನ್ ಬ್ರಶ್ಶುಗಳಿರುತ್ತವೆ. ಡ್ರಮ್ಮು ನಿಮಿಷಕ್ಕೆ 1200 ಸುತ್ತು ತಿರುಗುವಾಗ ಈ ಮೋಟಾರು ಅದರ ಹತ್ತು ಪಟ್ಟಿಗೂ ಮೀರಿ ತಿರುಗುತ್ತಿರುತ್ತದೆ, ಆದ್ದರಿಂದ ಬ್ರಶ್ಶು ಸವೆಯುವುದು ಸಹಜ. ಚರಚರ ಸದ್ದು, ಸುಟ್ಟ ವಾಸನೆ, ನಡುನಡುವೆ ನಿಂತುಹೋಗುವುದು ಇದರ ಲಕ್ಷಣಗಳು. ಇವು ಕಂಡಾಗ ಕೂಡಲೇ ಜೋಡಿಯಾಗಿ ಬದಲಿಸಿ, ಒಂದನ್ನೇ ಅಲ್ಲ. ಮೋಟಾರಿನ ವೇಗವನ್ನು ಎಲೆಕ್ಟ್ರಾನಿಕ್ ಬೋರ್ಡು ಹಿಡಿತದಲ್ಲಿಡುವ ಇನ್ವರ್ಟರ್ ಮಷೀನುಗಳ ಮೋಟಾರಿನಲ್ಲಿ ಬ್ರಶ್ಶು ಇರುವುದಿಲ್ಲ. ಅವುಗಳ ಬೋರ್ಡನ್ನು ಮನೆಯಲ್ಲಿ ಮುಟ್ಟಬಾರದು.

ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿರುವ ಎರಡು ತೊಟ್ಟಿಯ ಸೆಮಿ ಆಟೋಮ್ಯಾಟಿಕ್ ಮಷೀನಿನ ಕಾಯಿಲೆ ಬೇರೆ. ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಹೆಚ್ಚಾಗಿ ಕೆಪಾಸಿಟರ್ ಸೊರಗಿರುತ್ತದೆ. ಅದರ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಅಂಕಿಗೂ ಮೀಟರಿನ ಅಂಕಿಗೂ ದೊಡ್ಡ ಅಂತರವಿದ್ದರೆ ಅದನ್ನಷ್ಟೇ ಬದಲಿಸಬೇಕು. ಹಿಂಡುವ ತೊಟ್ಟಿ ತಿರುಗುವಾಗ ಕಿರ್ರ್ ಎಂದು ಉಜ್ಜಿದರೆ, ಮುಚ್ಚಳ ಎತ್ತಿದಾಗ ತೊಟ್ಟಿಯನ್ನು ನಿಲ್ಲಿಸುವ ಬ್ರೇಕಿನ ತಂತಿ ಸಡಿಲವಾಗಿರಬಹುದು. ಸುರುಳಿಯ ಪರೀಕ್ಷೆಗೆ, ಒಗೆಯುವ ಮೋಟಾರಿನಿಂದ ಬರುವ ಮೂರು ವೈರುಗಳನ್ನು ಬಿಡಿಸಿಕೊಂಡು ಮೀಟರಿನಲ್ಲಿ ಓಮ್ಸ್, ಅಂದರೆ ಸುರುಳಿಯ ತಡೆಯನ್ನು ಅಳೆಯಿರಿ. ಎರಡೂ ಸುರುಳಿಗೆ ಸೇರಿದ ಕಾಮನ್ ವೈರಿನಿಂದ ಉಳಿದೆರಡಕ್ಕೂ ಬರುವ ಅಂಕಿ ಸರಿಸಮನಾಗಿರಬೇಕು, ಏಕೆಂದರೆ ಆ ಮೋಟಾರು ಬಲಕ್ಕೂ ಎಡಕ್ಕೂ ಒಂದೇ ಬಲದಲ್ಲಿ ತಿರುಗಬೇಕು. ಒಂದು ಬದಿ ಕಡಿಮೆ ತೋರಿಸಿದರೆ ಸುರುಳಿ ಒಳಗೇ ಶಾರ್ಟ್ ಆಗಿದೆ. ವಾರ್ನಿಷ್ ಸುಟ್ಟ ಕಮಟು ವಾಸನೆಯೂ ಇದ್ದರೆ ಮೋಟಾರು ನಿಜಕ್ಕೂ ಹೋಗಿದೆ. ಅಲ್ಯೂಮಿನಿಯಂ ಸುರುಳಿಯ ಮೋಟಾರನ್ನು ಮತ್ತೆ ಸುತ್ತಿಸುವುದಕ್ಕಿಂತ ಬದಲಿಸುವುದೇ ಮೇಲು ಎಂದು, ಸುತ್ತುವುದನ್ನೇ ಕಸುಬು ಮಾಡಿಕೊಂಡ ನಾನೇ ಹೇಳುತ್ತೇನೆ.

ಲೈನಿನ ತುದಿಯಲ್ಲಿರುವ ತೋಟದ ಮನೆಯವರು ಇಷ್ಟಕ್ಕೆಲ್ಲ ಮೊದಲು, ಮಷೀನು ಓಡುತ್ತಿರುವಾಗ ವೋಲ್ಟೇಜು ಎಷ್ಟಿದೆ ಎಂದು ಎಲೆಕ್ಟ್ರಿಷಿಯನ್ನಿಂದ ಅಳೆಸಿ. 230 ಇರಬೇಕಾದಲ್ಲಿ 170ಕ್ಕೆ ಇಳಿದಿದ್ದರೆ ಒಳ್ಳೆಯ ಮೋಟಾರೂ ಗುಂಯ್ ಎಂದು ಬಿಸಿಯಾಗುತ್ತದೆ.

ಇಷ್ಟಾದರೂ ಮೆಕ್ಯಾನಿಕ್ ಬೇಕೆನಿಸಿದರೆ, ಮಷೀನಿನ ಮುಂದೆ ಸ್ಟೂಲಿನ ಮೇಲೆ ಮೊಬೈಲಿಟ್ಟು ಆ ಸದ್ದನ್ನು ರೆಕಾರ್ಡ್ ಮಾಡಿ, ಅದು ಒಗೆಯುವಾಗ ಬಂದಿತೋ, ನೀರು ಬಿಡುವಾಗ ಬಂದಿತೋ, ಹಿಂಡುವಾಗ ಬಂದಿತೋ ಎಂಬುದನ್ನು ಅದರಲ್ಲೇ ನಿಮ್ಮ ಬಾಯಿಂದ ಹೇಳಿ ಕಳಿಸಿ. ಹಿಂದಿನ ತಗಡಿನ ಮೇಲಿರುವ ಮಾಡೆಲ್ ಚೀಟಿಯ ಚಿತ್ರವೂ ಜೊತೆಗಿದ್ದರೆ, ಮಳೆಯಲ್ಲಿ ಹಾಸನದಿಂದ ನಿಮ್ಮ ತೋಟದವರೆಗೆ ಬರುವವನು ಬೇಕಾದ ಬೇರಿಂಗನ್ನು ಜೇಬಿನಲ್ಲಿಟ್ಟುಕೊಂಡೇ ಹೊರಡುತ್ತಾನೆ. ನಮಸ್ಕಾರ.