ಬಡಿಸುವವರ ಎಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಹಾಸನದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದವನು. ನಿವೃತ್ತಿಗೆ ಮುಂಚೆ ಒಂಬತ್ತು ವರ್ಷ ಪಿಂಚಣಿ ಕೌಂಟರಿನಲ್ಲಿ ಕೂತಿದ್ದೆ. ಆ ಕೌಂಟರಿಗೆ ನವೆಂಬರ್ ಅಂದರೆ ಜಾತ್ರೆ. ಹಾಸನಾಂಬೆಯ ದರ್ಶನದ ಕ್ಯೂ ಕರಗುವ ಹೊತ್ತಿಗೆ ನಮ್ಮ ಬಾಗಿಲಲ್ಲಿ ಇನ್ನೊಂದು ಕ್ಯೂ ಶುರುವಾಗುತ್ತಿತ್ತು. ನಾನಿನ್ನೂ ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ತೋರಿಸಬೇಕಲ್ಲ, ಆ ಕ್ಯೂ.

ಒಂದು ವರ್ಷ ಆಲೂರು ಕಡೆಯ ಒಬ್ಬರು ಹವಾಲ್ದಾರರು ಬಂದಿದ್ದರು. ಮಿಲಿಟರಿಯಿಂದ ಬಂದ ಮೇಲೆ ಇಪ್ಪತ್ತು ವರ್ಷ ಆಲೂಗೆಡ್ಡೆ, ಶುಂಠಿ ಅಂತ ಮಣ್ಣಲ್ಲೇ ಇದ್ದವರು. ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದುಹೋಗಿದ್ದವು. ಯಂತ್ರದ ಮೇಲೆ ಬೆರಳಿಟ್ಟರೆ ಕೆಂಪು ದೀಪ. ಒರೆಸಿ ಇಟ್ಟರು, ಕೆಂಪು. ಬೆರಳನ್ನು ತಲೆಕೂದಲಿಗೆ ಉಜ್ಜಿ ಸ್ವಲ್ಪ ಎಣ್ಣೆ ಹತ್ತಿಸಿಕೊಂಡು ಇಟ್ಟರು. ಊಹೂಂ. ಕೊನೆಗೆ ಎಡಗೈ ಉಂಗುರದ ಬೆರಳಿಗೆ ಹಸಿರು ದೀಪ ಹತ್ತಿತು. ಹಿಂದೆ ನಿಂತಿದ್ದವರೊಬ್ಬರು ಕೇಳಿದರು, "ಸಾರ್, ಮಾಜಿ ಎಮ್ಮೆಲ್ಲೆಗಳೂ ಹಿಂಗೇ ಬಂದು ಬೆರಳು ಉಜ್ಜಬೇಕಾ?" ಕ್ಯೂ ಪೂರ್ತಿ ನಕ್ಕಿತು. ಹವಾಲ್ದಾರರು ಮಾತ್ರ ನಗಲಿಲ್ಲ. ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಅದನ್ನು ಮಡಚಿ ಒಳಜೇಬಿಗೆ ಇಟ್ಟುಕೊಂಡು ಬಸ್ಸಿಗೆ ಹೋದರು.

ಆ ಪ್ರಶ್ನೆ ನನ್ನ ತಲೆಯಲ್ಲೇ ಉಳಿದುಬಿಟ್ಟಿತು. ಈಗ ಅದೇ ಪ್ರಶ್ನೆ ವಾಟ್ಸಾಪಿನಲ್ಲಿ ವಾರಕ್ಕೆ ಎರಡು ಸಲ ಬರುತ್ತೆ. ಒಂದು ಕಡೆ ಹಿಮದಲ್ಲಿ ನಿಂತ ಸೈನಿಕ, ಇನ್ನೊಂದು ಕಡೆ ಸೋಫಾದಲ್ಲಿ ಕೂತ ರಾಜಕಾರಣಿ, ಕೆಳಗೆ ಇಬ್ಬರ ಸಂಬಳ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಸಿಟ್ಟು ಮಾಡಿಕೊಳ್ಳೋದಕ್ಕೆ ಸುಲಭವಾದ ಚಿತ್ರ. ಆದರೆ ಅದರಲ್ಲಿ ಅರ್ಧ ಹಳೆಯ ಲೆಕ್ಕ, ಇನ್ನರ್ಧ ತಪ್ಪು ಲೆಕ್ಕ. ಸಂಸದರಿಗೆ ಆದಾಯ ತೆರಿಗೆಯೇ ಇಲ್ಲ ಅಂತ ಬರೆದಿರುತ್ತಾರೆ. ಅವರ ಸಂಬಳಕ್ಕೆ ತೆರಿಗೆ ಇದೆ, ಇಲ್ಲದಿರುವುದು ಭತ್ಯೆಗಳಿಗೆ. ಸಂಸತ್ತಿನ ಕ್ಯಾಂಟೀನಿನ ಅಗ್ಗದ ಊಟದ ಪಟ್ಟಿ ಇನ್ನೂ ಓಡಾಡುತ್ತಿದೆ. ಆ ಸಬ್ಸಿಡಿ 2021ರಲ್ಲೇ ನಿಂತಿತು.

ಸುಮ್ನೆ ಬಯ್ಯೋದಕ್ಕಿಂತ ಲೆಕ್ಕ ನೋಡೋಣ. ಬ್ಯಾಂಕಿನವನ ಚಾಳಿ, ಕ್ಷಮಿಸಿ.

2025ರ ಮಾರ್ಚ್ ತಿಂಗಳು. ನಮ್ಮ ವಿಧಾನಮಂಡಲದಲ್ಲಿ ಸಂಬಳದ ಮಸೂದೆ ಪಾಸಾಯಿತು. ಶಾಸಕರ ಸಂಬಳ 40,000ದಿಂದ 80,000ಕ್ಕೆ ಏರಿತು. ಮುಖ್ಯಮಂತ್ರಿಯವರದು 75,000ದಿಂದ ಒಂದೂವರೆ ಲಕ್ಷಕ್ಕೆ. ಮಾಜಿ ಶಾಸಕರ ಪಿಂಚಣಿ 50,000 ಇದ್ದದ್ದು 75,000 ಆಯಿತು. ಅದಾಗಿ ಕೆಲವೇ ದಿನಕ್ಕೆ ದೆಹಲಿಯಿಂದಲೂ ಆದೇಶ ಬಂತು. ಸಂಸದರ ಸಂಬಳ ಒಂದು ಲಕ್ಷದಿಂದ 1,24,000ಕ್ಕೆ, ಅದೂ ಎರಡು ವರ್ಷ ಹಿಂದಿನ ಏಪ್ರಿಲ್‌ನಿಂದಲೇ ಲೆಕ್ಕ. ಕ್ಷೇತ್ರದ ಭತ್ಯೆ, ಕಚೇರಿ ಭತ್ಯೆ, ಮನೆ, ಪ್ರಯಾಣ ಎಲ್ಲ ಬೇರೆ.

ಇನ್ನು ಸೈನ್ಯದ ಕಡೆ. ಏಳನೇ ವೇತನ ಆಯೋಗದ ಪ್ರಕಾರ ಹೊಸದಾಗಿ ಸೇರಿದ ಸಿಪಾಯಿಯ ಮೂಲ ವೇತನ 21,700. ಅದಕ್ಕೆ ಮಿಲಿಟರಿ ಸೇವಾ ವೇತನ ಅಂತ 5,200. ಲೆಫ್ಟಿನೆಂಟಿಗೆ ಮೂಲ ವೇತನ 56,100, ಸೇವಾ ವೇತನ 15,500. ತುಟ್ಟಿಭತ್ಯೆ ಸೇರಿಸಿದರೆ ಆಗ ತಾನೇ ಅಕಾಡೆಮಿಯಿಂದ ಹೊರಬಂದ ಹುಡುಗನ ಸಂಬಳ ನಮ್ಮ ಶಾಸಕರ ಬರೀ ಸಂಬಳಕ್ಕಿಂತ ಜಾಸ್ತಿಯೇ. ಸೇನಾ ಮುಖ್ಯಸ್ಥರದು ಎರಡೂವರೆ ಲಕ್ಷ, ಸಂಸದರ ಸಂಬಳದ ಎರಡು ಪಟ್ಟು. ವಾಟ್ಸಾಪ್ ಚಿತ್ರದಲ್ಲಿ ಇದು ಇರುವುದಿಲ್ಲ, ಅಲ್ವಾ?

ಹಾಗಾದರೆ ಎಲ್ಲ ಸರಿಯಾಗಿದೆ ಅಂತಲಾ? ಇಲ್ಲ. ಒಂದು ಲೆಕ್ಕ ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ.

2016ರ ಫೆಬ್ರವರಿ 3. ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆಯೇ ಕುಸಿಯಿತು. ಹತ್ತು ಮಂದಿ ಅದರಡಿ ಸಿಕ್ಕಿದರು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಕಳೆದ ಮೇಲೂ ಉಸಿರಾಡುತ್ತಿದ್ದರು. ಇಡೀ ದೇಶ ಟೀವಿ ಮುಂದೆ ಕೂತಿತ್ತು, ಕೊನೆಗೆ ಅವರೂ ಉಳಿಯಲಿಲ್ಲ. ಆ ಹತ್ತು ಮಂದಿಯಲ್ಲಿ ನಮ್ಮ ಹಾಸನದ ಪಕ್ಕದ ತೇಜೂರಿನ ಸುಬೇದಾರರೂ ಒಬ್ಬರು. ಆಗ ಸಿಯಾಚಿನ್‌ನಲ್ಲಿ ನಿಲ್ಲುವ ಜವಾನರಿಗೆ, ಸುಬೇದಾರರಿಗೆ ಸಿಗುತ್ತಿದ್ದ ವಿಶೇಷ ಭತ್ಯೆ ತಿಂಗಳಿಗೆ 14,000. ಅದು 30,000 ಆದದ್ದು ಮರುವರ್ಷ ಜುಲೈಯಿಂದ. ದಿನದ ಲೆಕ್ಕ ಹಾಕಿದರೆ ಒಂದು ಸಾವಿರ ರೂಪಾಯಿ. ಅಧಿವೇಶನದ ದಿನ ಹಾಜರಿ ಹಾಕಿದ ಸಂಸದರ ದಿನಭತ್ಯೆ ಈಗ 2,500.

ಎರಡೂ ಸಂಬಳದ ಮೇಲಿನ ಭತ್ಯೆಗಳೇ. ಒಂದು ಸಿಗುವುದು ಅಲ್ಲಿ ನಿಂತದ್ದಕ್ಕೆ. ಇನ್ನೊಂದು ಸಿಗುವುದು ಅಲ್ಲಿಗೆ ಬಂದದ್ದಕ್ಕೆ.

ಪಿಂಚಣಿಗೆ ಬನ್ನಿ. ಅದು ನನ್ನ ಕೌಂಟರ್. ಸಿಪಾಯಿಗೆ ಪಿಂಚಣಿ ಬೇಕೆಂದರೆ 15 ವರ್ಷ ಸೇವೆ ಆಗಬೇಕು. ಅಧಿಕಾರಿಗೆ 20. ಸಂಸದರಿಗೆ ಅಂಥ ಲೆಕ್ಕ 2004ರಿಂದ ಇಲ್ಲ, ಎಷ್ಟು ದಿನ ಇದ್ದರೂ ಪಿಂಚಣಿ. ಈಗ ಅದು ತಿಂಗಳಿಗೆ 31,000, ಐದು ವರ್ಷ ದಾಟಿದರೆ ವರ್ಷಕ್ಕೆ 2,500ರಂತೆ ಮೇಲೆ. ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೂ ಹೋದರು. 2018ರಲ್ಲಿ ಕೋರ್ಟು, ಅದು ಸಂಸತ್ತಿಗೆ ಬಿಟ್ಟ ವಿಷಯ ಅಂತ ಅರ್ಜಿ ತಳ್ಳಿಹಾಕಿತು.

2022ರಲ್ಲಿ ಸೈನ್ಯದ ಭರ್ತಿಗೆ ಅಗ್ನಿಪಥ ಅನ್ನುವ ಹೊಸ ಯೋಜನೆ ಬಂತು. ಈಗ ಸೇರುವ ಹುಡುಗನಿಗೆ ನಾಲ್ಕು ವರ್ಷ ಕೆಲಸ. ಮೊದಲ ವರ್ಷ 30,000, ಅದರಲ್ಲಿ ಕೈಗೆ ಸಿಗುವುದು 21,000. ಉಳಿದದ್ದು ನಿಧಿಗೆ. ನಾಲ್ಕು ವರ್ಷ ಮುಗಿದಾಗ ಸರ್ಕಾರದ ಪಾಲೂ ಸೇರಿ ಸುಮಾರು 11.71 ಲಕ್ಷ ಕೈಗೆ ಬರುತ್ತೆ. ನೂರರಲ್ಲಿ ಹೆಚ್ಚೆಂದರೆ ಇಪ್ಪತ್ತೈದು ಮಂದಿ ಮುಂದುವರಿಯುತ್ತಾರೆ. ಮಿಕ್ಕವರು ಮನೆಗೆ. ಪಿಂಚಣಿ ಇಲ್ಲ. ನಾಲ್ಕು ವರ್ಷ ಬಂದೂಕು ಹಿಡಿದವನಿಗೆ ಇಲ್ಲದ್ದು ಐದು ವರ್ಷ ಶಾಸಕರಾದವರಿಗೆ ತಿಂಗಳಿಗೆ 75,000. ಸೈನ್ಯ ಯುವಕರದ್ದಾಗಿರಬೇಕು, ಪಿಂಚಣಿಯ ಖರ್ಚು ತೀರಾ ಬೆಳೆದಿದೆ ಅನ್ನುವ ವಾದ ನನಗೂ ಗೊತ್ತು. ಖರ್ಚಿನ ಆ ಮಾತು ಶಾಸಕರ ಪಿಂಚಣಿ ಏರಿಸುವಾಗ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಆದರೂ ರಾಜಕಾರಣಿಗೆ ಸಂಬಳವೇ ಬೇಡ, ಸೇವೆ ತಾನೇ ಅನ್ನುವವರ ಜೊತೆ ನಾನು ನಿಲ್ಲುವುದಿಲ್ಲ. ಹಾಸನದಂಥ ಜಿಲ್ಲೆಯಲ್ಲಿ ಶಾಸಕರ ಮನೆ ಮುಂದೆ ಬೆಳಿಗ್ಗೆ ಆರಕ್ಕೆ ಹೋಗಿ ನೋಡಿ. ಒಬ್ಬರ ಕೈಯಲ್ಲಿ ಮದುವೆ ಕಾಗದ, ಒಬ್ಬರ ಕೈಯಲ್ಲಿ ಆಸ್ಪತ್ರೆ ಚೀಟಿ, ಇನ್ನೊಬ್ಬರದು ಆನೆ ತುಳಿದ ತೋಟದ ಫೋಟೋ, ದೇವಸ್ಥಾನದ ಗೋಪುರಕ್ಕೆ ರಸೀದಿ ಪುಸ್ತಕ. ಬರಿಗೈಲಿ ಕಳಿಸಿದರೆ ನಾವೇ ತಾನೇ ಬಯ್ಯುವುದು? ಸಂಬಳ ಕೊಡಿ ಅಂತ ಮೊದಲು ಕೇಳಿದವರೂ ಬಡವರೇ. ಇಂಗ್ಲೆಂಡಿನ ಕಾರ್ಮಿಕರು 1838ರಲ್ಲಿ ಮುಂದಿಟ್ಟ ಆರು ಬೇಡಿಕೆಗಳಲ್ಲಿ ಸಂಸದರಿಗೆ ಸಂಬಳ ಅನ್ನುವುದೂ ಒಂದು. ಸಂಬಳ ಇಲ್ಲದಿದ್ದರೆ ಜಮೀನ್ದಾರರೇ ಸಂಸತ್ತಿಗೆ ಹೋಗುತ್ತಾರೆ ಅನ್ನುವುದು ಅವರ ವಾದ. ಸಿಕ್ಕಿದ್ದು 1911ರಲ್ಲಿ, ವರ್ಷಕ್ಕೆ 400 ಪೌಂಡ್. ನಮ್ಮಲ್ಲೂ ಶಾಂತವೇರಿ ಗೋಪಾಲಗೌಡರಂಥವರು ಕೈಯಲ್ಲಿ ಕಾಸಿಲ್ಲದೆ ಶಾಸಕರಾದರು. ಅಂಥವರು ಇವತ್ತು ನಿಂತರೆ 80,000 ದೊಡ್ಡದೇನಲ್ಲ, ಬೇಕೇ ಬೇಕು. ಈಗ ಅಂಥವರು ಎಲ್ಲಿ ನಿಲ್ಲುತ್ತಾರೆ, ಗೆಲ್ಲುತ್ತಾರೆ ಅನ್ನುವುದು ಬೇರೆ ಮಾತು. ಅದಕ್ಕೆ ಇನ್ನೊಂದು ದಿನ, ಇನ್ನೊಂದು ಭಾಷಣ ಬೇಕು.

ಹಾಗಾಗಿ ನನ್ನ ತಕರಾರು ಎಷ್ಟು ಕೊಟ್ಟರು ಅನ್ನುವುದರ ಮೇಲಲ್ಲ. ಬಡಿಸಿದವರು ಯಾರು ಅನ್ನುವುದರ ಮೇಲೆ.

ನಮ್ಮ ಕಡೆ ಒಂದು ಗಾದೆ ಇದೆಯಲ್ಲ, ಬಡಿಸೋರು ನಮ್ಮೋರಾದರೆ ಕೊನೇ ಪಂಕ್ತಿಯಲ್ಲಿ ಕೂತರೇನು ಅಂತ. ಇಲ್ಲಿ ಬಡಿಸೋರೂ ಅವರೇ, ಉಣ್ಣೋರೂ ಅವರೇ, ಕೂತಿರುವುದು ಮೊದಲ ಪಂಕ್ತಿಯಲ್ಲೇ. ಸಂವಿಧಾನವೇ ಸಂಸದರ, ಶಾಸಕರ ಸಂಬಳವನ್ನು ಆಯಾ ಸದನಕ್ಕೆ ಬಿಟ್ಟಿದೆ. 2025ರ ಮಸೂದೆ ಪಾಸಾದಾಗ ಸದನದಲ್ಲಿ ಗದ್ದಲ. ವಿರೋಧ ಪಕ್ಷದ 18 ಶಾಸಕರನ್ನು ಅವತ್ತೇ ಅಮಾನತು ಮಾಡಿದರು. ಅದರ ನಡುವೆ ಚರ್ಚೆಯಿಲ್ಲದೆ ಸಂಬಳ ಏರಿತು. 2022ರಲ್ಲೂ ಇದೇ ಕಥೆ. ಅವತ್ತೂ ಧರಣಿ, ಅವತ್ತೂ ಚರ್ಚೆಯಿಲ್ಲ, ಅವತ್ತೂ ಏರಿಕೆ. ಅವತ್ತು ಧರಣಿ ಕೂತಿದ್ದ ಪಕ್ಷ 2025ರಲ್ಲಿ ಸರ್ಕಾರದಲ್ಲಿತ್ತು, ಅವತ್ತಿನ ಸರ್ಕಾರ ಧರಣಿಯಲ್ಲಿತ್ತು. ಜಾಗ ಅದಲುಬದಲಾದರೂ ಎಲೆಗೆ ಬೀಳುವುದು ಮಾತ್ರ ತಪ್ಪಲಿಲ್ಲ.

ಸೈನಿಕನ ಎಲೆಗೆ ಯಾರು ಬಡಿಸುತ್ತಾರೆ? ಸುಮಾರು ಹತ್ತು ವರ್ಷಕ್ಕೊಮ್ಮೆ ಕೂರುವ ವೇತನ ಆಯೋಗ. ಏಳನೇ ಆಯೋಗದಲ್ಲಿ ಒಬ್ಬ ಸೈನಿಕನೂ ಸದಸ್ಯನಾಗಿರಲಿಲ್ಲ. ಕಡಿಮೆಯಾಯಿತು ಅಂತ ಸಂಘ ಕಟ್ಟುವ ಹಾಗಿಲ್ಲ, ಧರಣಿ ಕೂರುವ ಹಾಗಿಲ್ಲ. ಸಂವಿಧಾನದ 33ನೇ ವಿಧಿ ಸೇನೆಯವರ ಆ ಹಕ್ಕುಗಳನ್ನು ಕಡಿತ ಮಾಡಲು ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ಬಂದೂಕು ಹಿಡಿದವರು ಮುಷ್ಕರ ಹೂಡಬಾರದು, ಒಪ್ಪೋಣ. ಆದರೆ ಒಂದು ಶ್ರೇಣಿ ಒಂದು ಪಿಂಚಣಿ, ಅಂದರೆ ಒಂದೇ ಶ್ರೇಣಿಯಲ್ಲಿ ಒಂದೇ ಅವಧಿ ಸೇವೆ ಮಾಡಿದವರಿಗೆ ಯಾವಾಗ ನಿವೃತ್ತರಾದರೂ ಒಂದೇ ಪಿಂಚಣಿ ಬೇಕೆಂದು 2015ರಲ್ಲಿ ಜಂತರ್ ಮಂತರ್‌ನಲ್ಲಿ ಕೂತವರು ನಿವೃತ್ತರು. ಎಪ್ಪತ್ತು, ಎಂಬತ್ತರ ಅಜ್ಜಂದಿರು, ಎದೆ ಮೇಲೆ ಪದಕ ಸಿಕ್ಕಿಸಿಕೊಂಡು ಬಿಸಿಲಲ್ಲಿ ಕೂತಿದ್ದರು. ಯಾವ ಗದ್ದಲದ ನಡುವೆಯೂ ಅದು ಐದು ನಿಮಿಷದಲ್ಲಿ ಪಾಸಾಗಲಿಲ್ಲ.

ಇದಕ್ಕೆ ದಾರಿ ಇಲ್ಲ ಅಂತಲ್ಲ. ಅಮೆರಿಕದಲ್ಲಿ ಒಂದು ನಿಯಮ ಇದೆ. ಅಲ್ಲಿನ ಸದನ ತನ್ನ ಸಂಬಳ ಬದಲಿಸಿದರೆ ಅದು ಜಾರಿಗೆ ಬರುವುದು ಮುಂದಿನ ಚುನಾವಣೆ ಆದ ಮೇಲೆ. 1789ರಲ್ಲೇ ಹೊರಟ ತಿದ್ದುಪಡಿ, ಇನ್ನೂರು ವರ್ಷ ಮೂಲೆಯಲ್ಲಿ ಬಿದ್ದಿತ್ತು. 1982ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರೆಗರಿ ವಾಟ್ಸನ್ ಅನ್ನುವ ವಿದ್ಯಾರ್ಥಿ ಅದರ ಬಗ್ಗೆ ಪ್ರಬಂಧ ಬರೆದ. ಸಿಕ್ಕಿದ್ದು ಸಿ ಗ್ರೇಡ್. ಸಿಟ್ಟಿಗೆ ರಾಜ್ಯ ರಾಜ್ಯಕ್ಕೂ ಪತ್ರ ಬರೆಯುತ್ತಾ ಕೂತ. 1992ರಲ್ಲಿ ಅದು ಸಂವಿಧಾನಕ್ಕೇ ಸೇರಿತು. 2017ರಲ್ಲಿ ವಿಶ್ವವಿದ್ಯಾಲಯ ಅವನ ಗ್ರೇಡನ್ನು ಎ ಅಂತ ತಿದ್ದಿತು! ನಮಗೂ ಅಷ್ಟೇ ಸಾಕು. ಏರಿಸಿ, ಬೇಡ ಅನ್ನುವುದಿಲ್ಲ. ಮುಂದಿನ ಚುನಾವಣೆಯಲ್ಲಿ ಗೆದ್ದು ಬರುವವರಿಗೆ ಏರಿಸಿ. ನಿಮ್ಮ ಎಲೆಗಲ್ಲ, ಮುಂದಿನ ಪಂಕ್ತಿಗೆ ಬಡಿಸಿ.

ನಾನೀಗ ಬೆಳಿಗ್ಗೆ ಜಿಲ್ಲಾ ಕ್ರೀಡಾಂಗಣಕ್ಕೆ ವಾಕಿಂಗ್ ಹೋಗುತ್ತೇನೆ. ಮಂಜು ಇನ್ನೂ ಇರುತ್ತೆ. ಅಗ್ನಿವೀರ ಭರ್ತಿಗೆ ತಯಾರಾಗುವ ಹುಡುಗರು ಅಷ್ಟು ಹೊತ್ತಿಗೇ ಓಡುತ್ತಿರುತ್ತಾರೆ. ಒಂದೂವರೆ ಕಿಲೋಮೀಟರ್‌ಗೆ ಸ್ವಲ್ಪ ಜಾಸ್ತಿ, 1,600 ಮೀಟರ್. ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ನಮ್ಮ ಬೀದಿಯ ಹುಡುಗನೊಬ್ಬ ನನ್ನ ಕೈಗೆ ಮೊಬೈಲ್ ಕೊಟ್ಟು ಹೋಗುತ್ತಾನೆ, ಟೈಮ್ ನೋಡಲಿಕ್ಕೆ. ಮೊನ್ನೆ ಓಡಿ ಬಂದವನೇ ಮಂಡಿಗೆ ಕೈಯೂರಿ ಬಗ್ಗಿ ನಿಂತ. ಏದುಸಿರಿನಲ್ಲೇ ಕೇಳಿದ, "ಎಷ್ಟಾಯ್ತು ಮಾವ?"

ಐದು ನಿಮಿಷ ನಲವತ್ತು ಸೆಕೆಂಡ್ ಅಂದೆ. ಮೊಬೈಲ್ ಮತ್ತೆ ನನ್ನ ಕೈಗಿಟ್ಟು, ಇನ್ನೊಂದು ಸಲ ಓಡಲು ಹೋದ.

ನಮಸ್ಕಾರ.