ಶೊಮ್ಲೋ ಗುಡ್ಡದ ಸುತ್ತಮುತ್ತ

ಕೇಳುಗರೇ, ನಮಸ್ಕಾರ.

ಹಂಗೇರಿಯ ಪಶ್ಚಿಮಕ್ಕೆ, ವೆಸ್ಪ್ರೇಮ್ ಜಿಲ್ಲೆಯಲ್ಲಿ ಶೊಮ್ಲೋ ಅಂತ ಒಂದು ಗುಡ್ಡ ಇದೆ. ಎತ್ತರ ಬರೀ 430 ಮೀಟರ್ ಚಿಲ್ಲರೆ. ಆದರೆ ಸುತ್ತ ಎಲ್ಲಾ ಬಯಲು, ಹಾಗಾಗಿ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಲಕ್ಷಾಂತರ ವರ್ಷಗಳ ಹಿಂದೆ ಜ್ವಾಲಾಮುಖಿಯಿಂದ ಲಾವಾ ಉಕ್ಕಿ, ಆರಿ, ಗಟ್ಟಿ ಕಪ್ಪುಕಲ್ಲಾಯಿತು. ಸುತ್ತಲಿನ ಮೆತ್ತನೆಯ ಮರಳು, ಜೇಡಿ ಎಲ್ಲಾ ಗಾಳಿ-ಮಳೆಗೆ ಸವೆದುಹೋದವು. ಕಲ್ಲಿನ ಟೋಪಿ ಇದ್ದ ಜಾಗ ಮಾತ್ರ ಉಳಿಯಿತು.

ಬುಡದಲ್ಲಿ ದೊಬಾ, ಶೊಮ್ಲೋಯೆನೋ, ಶೊಮ್ಲೋಸೋಲೋಶ್, ಶೊಮ್ಲೋವಾಶಾರ್ಹೆಯ್ ಊರುಗಳು. ಮೇಲೆ ಹಳೇ ಕೋಟೆಯ ಪಾಳುಗೋಡೆ. ನಡುವಿನ ಇಳಿಜಾರೆಲ್ಲಾ ದ್ರಾಕ್ಷಿ. ಹಂಗೇರಿಯ ಅತಿ ಚಿಕ್ಕ ವೈನ್ ಸೀಮೆಗಳಲ್ಲಿ ಇದೂ ಒಂದು. ತುಂಡು ತುಂಡು ತೋಟ, ತೋಟದ ಮಧ್ಯೆ ರಸ ಹಿಂಡಲು ಪುಟ್ಟ ಮನೆ, ಅದರಡಿ ನೆಲಮಾಳಿಗೆ. ಇಲ್ಲಿನ ಹೆಸರುವಾಸಿ ತಳಿ ಯುಹ್ಫಾರ್ಕ್. ಗೊಂಚಲು ಉದ್ದಕ್ಕೆ, ಒತ್ತೊತ್ತಾಗಿ, ಕುರಿಯ ಬಾಲದ ಹಾಗೆ ಜೋತಾಡುತ್ತದೆ. ವೈನ್ ಮಾತ್ರ ಹುಳಿ ಜಾಸ್ತಿ, ಸ್ವಲ್ಪ ಖಾರ. ಕೆಲವು ವರ್ಷ ಇಟ್ಟರೇ ಹದಕ್ಕೆ ಬರೋದು. ಮೊದಲ ರಾತ್ರಿ ಇದನ್ನು ಕುಡಿದರೆ ಗಂಡು ಮಗು ಹುಟ್ಟುತ್ತದೆ ಅನ್ನೋ ನಂಬಿಕೆ ಅಲ್ಲಿ ಇತ್ತು. ಹಂಗೇರಿಯನ್ನು ಆಳಿದ ಹ್ಯಾಬ್ಸ್‌ಬರ್ಗ್ ರಾಜಮನೆತನದವರೂ ಕುಡಿಯುತ್ತಿದ್ದರಂತೆ. ಗಂಡು ಮಗುವೇ ಬೇಕು ಅನ್ನೋ ಈ ಹುಚ್ಚು ನಮಗೊಬ್ಬರಿಗೇ ಅಂದುಕೊಂಡಿದ್ದೆವು, ಅಲ್ವಾ?

ಇನ್ನು ಬಯಲಿನ ಕಥೆ. ಹತ್ತಿರದ ಆಯ್ಕಾ ಊರಿನಲ್ಲಿ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂನ ಕಚ್ಚಾವಸ್ತು, ತಯಾರಿಸುವ ಕಾರ್ಖಾನೆ ಇತ್ತು. 2010ರ ಅಕ್ಟೋಬರ್ 4ರ ಮಧ್ಯಾಹ್ನ ಅದರ ತ್ಯಾಜ್ಯದ ಕಟ್ಟೆ ಒಡೆಯಿತು. ಚರ್ಮ ಸುಡುವಷ್ಟು ಕ್ಷಾರದ ಕೆಂಪು ಕೆಸರು ತೊರ್ನಾ ಹಳ್ಳದ ಗುಂಟ ಕೊಲೊಂಟಾರ್, ದೆವೆಚೆರ್, ಶೊಮ್ಲೋವಾಶಾರ್ಹೆಯ್ ಕಡೆಗೆ ನುಗ್ಗಿತು. 10 ಮಂದಿ ಸತ್ತರು. ಮನೆಗೋಡೆಗಳ ಮೇಲೆ ಕೆಸರು ನಿಂತ ಮಟ್ಟಕ್ಕೆ ಕೆಂಪು ಗೆರೆ ಉಳಿಯಿತು. ಮುಂದೆ ಮಾರ್ತ್ಸಾಲ್ ನದಿಗೂ ಸೇರಿ, ಅಲ್ಲಿನ ಮೀನುಗಳೆಲ್ಲಾ ಸತ್ತವು. ಕ್ಷಾರ ತಗ್ಗಿಸಲು ನದಿಗೆ ಜಿಪ್ಸಂ ಸುರಿದರು. ದ್ರಾಕ್ಷಿತೋಟಗಳು ಎತ್ತರದಲ್ಲಿದ್ದವು, ಕೆಸರು ಅಲ್ಲಿಗೆ ಹತ್ತಲಿಲ್ಲ. ಕೆಳಗಿನವರಿಗೆ ಆ ಅದೃಷ್ಟ ಇರಲಿಲ್ಲ. ದೆವೆಚೆರ್‌ನಲ್ಲಿ ಕೆಸರು ನುಗ್ಗಿದ ಎಷ್ಟೋ ಮನೆ ಕೆಡವಿ, ಬೇರೆ ಕಡೆ ಹೊಸದು ಕಟ್ಟಿಕೊಟ್ಟರು. ಹೆಸರಾಂತ ವಾಸ್ತುಶಿಲ್ಪಿ ಇಮ್ರೆ ಮಾಕೊವೆತ್ಸ್ ಅವುಗಳಿಗೆ ನಕ್ಷೆ ಬರೆದುಕೊಟ್ಟರು.

ಇನ್ನೂ ಪಶ್ಚಿಮಕ್ಕೆ ಹೋದರೆ ಶಾಗ್ ಗುಡ್ಡ. ಅದೂ ಇಂಥದ್ದೇ ಕಪ್ಪುಕಲ್ಲು. 1891ರಲ್ಲಿ ಭೌತವಿಜ್ಞಾನಿ ಲೊರಾಂಡ್ ಎಟ್ವೆಶ್ ಗುರುತ್ವ ಅಳೆಯುವ ತಮ್ಮ ತಕ್ಕಡಿಯನ್ನು ಪರೀಕ್ಷೆ ಮಾಡಿದ್ದು ಅಲ್ಲೇ. ಆಮೇಲೆ ಕಲ್ಲಿಗಾಗಿ ಅದರ ಹೊಟ್ಟೆಯನ್ನೇ ಬಗೆದರು. ಶೊಮ್ಲೋವನ್ನು ನೋಡಬೇಕಾದರೆ ಬುಡಾಪೆಸ್ಟ್‌ನಿಂದ ಸೊಂಬಾತ್‌ಹೆಯ್ ಕಡೆ ಹೋಗುವ ರೈಲು ಹಿಡಿಯಿರಿ. ದೆವೆಚೆರ್ ದಾಟಿದ ಮೇಲೆ ಬಲಗಡೆ ಕಿಟಕಿ.

ನಮಸ್ಕಾರ.